ದಾವೂದಸಾಬನ ಮೂಡಗಾಳಿ

ಸಂಶಿಯ ಊರಹೊರಗಿನ ಮೆಣಸಿನಕಾಯಿ ಕಣವನ್ನು ಮೂವತ್ತೆರಡು ವರ್ಷದಿಂದ ಕಾಯುತ್ತಿದ್ದ ದಾವೂದಸಾಬನಿಗೆ ಯಾರೂ ಎದುರಾಡುತ್ತಿರಲಿಲ್ಲ. ಪ್ರೀತಿಯಿಂದಲ್ಲ. ಎದುರಾಡಿದವರ ಏಳು ತಲೆಮಾರು ಜಾಲಾಡುವ ಬಾಯಿ ಅವನದು. ರೈತರು ಕಾಯಿ ತಂದು ಕಣದಲ್ಲಿ ಸುರುವಿ ಹೋದರೆ ಮುಗಿಯಿತು; ಯಾವಾಗ ಹರವಬೇಕು, ಯಾವಾಗ ಮುಚ್ಚಬೇಕು, ಎಲ್ಲ ಅವನ ಅಪ್ಪಣೆ. ಹಸಿಗಾಯಿಯನ್ನು ಸುಮ್ಮನೆ ಮುಚ್ಚಿದರೆ ಬೆವೆತು ಬಿಳಿಚುತ್ತದೆ, ಮುಚ್ಚದೆ ಮಳೆಗೆ ಸಿಕ್ಕರೆ ಕೊಳೆಯುತ್ತದೆ. ಆ ಎರಡರ ನಡುವಿನ ಗೆರೆ ತನಗೊಬ್ಬನಿಗೇ ಕಾಣುತ್ತದೆಂಬ ಜಂಬದಲ್ಲೇ ಅವನ ಗಡ್ಡ ನೆರೆತಿತ್ತು.

ಜಂಬ ಪೂರ್ತಿ ಪೊಳ್ಳೇನಲ್ಲ. ದೀಪಾವಳಿ ದಾಟಿದ ಮೇಲಿನ ಮಳೆ ಅಂದರೆ ಬಂಗಾಳ ಕೊಲ್ಲಿಯದು ಎಂಬುದು ಅಪ್ಪನ ಕಾಲದಿಂದ ಅವನು ಕಂಡದ್ದು. ಚಂಡಮಾರುತ ಅಲ್ಲೆಲ್ಲೋ ಹುಟ್ಟಿ, ಆಂಧ್ರದ ದಂಡೆಗೆ ಬಡಿದು, ಬಳ್ಳಾರಿ ಕಡೆ ಬರುವಷ್ಟರಲ್ಲಿ ಉಸಿರು ಬಿಡುತ್ತಿತ್ತು. ಸಂಶಿಗೆ ಸಿಗುತ್ತಿದ್ದದ್ದು ಎರಡು ದಿನದ ಮೂಡಗಾಳಿ, ಜಿಟಿಜಿಟಿ ಮಳೆ, ಅಷ್ಟೆ. ಅದಕ್ಕೇ ಕಣದಲ್ಲೊಂದು ಪದ್ಧತಿ: ತಾಡಪತ್ರಿ ಹೊದಿಸಿ ಅದರ ಮೂಡಣ ಅಂಚಿಗೆ ಒತ್ತಾಗಿ ಕಲ್ಲು ಹೇರುವುದು, ಪಡುವಣ ಅಂಚನ್ನು ಗೇಣುದ್ದ ಎತ್ತಿ ಬಿಡುವುದು. ಒಳಗಿನ ಹಬೆ ಹೋಗುತ್ತದೆ, ನೀರು ಬರುವುದಿಲ್ಲ. ಇತ್ತೀಚೆಗೆ ಎರಡು ಸಲ ಪಡುವಣದಿಂದ ಮಳೆ ಬಂದು ಅಂಚಿನ ಕಾಯಿ ನೆನೆದದ್ದುಂಟು. ದಾವೂದಸಾಬ ಅದನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟ.

ಈ ಸಲ ನವೆಂಬರಿನ ಕೊನೆಯ ವಾರ, ಬಿಡಿಸಿದ ಕಾಯಿ ಕಣದ ತುಂಬ ಹರವಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮಹಾನಂದಾ ಬೆಳಗ್ಗೆ ಏಳಕ್ಕೇ ಬಂದು ನಿಂತಳು. ಎರಡೆಕರೆ ಹೊಲವನ್ನು ತಾನೇ ನೋಡಿಕೊಳ್ಳುವ ಹೆಂಗಸು. ಅವಳ ರಾಶಿಯಲ್ಲಿ ಮುಂದಿನ ವರ್ಷಕ್ಕೆ ಬೀಜಕ್ಕೆಂದು ಇಟ್ಟ ಕಾಯಿಯಷ್ಟೂ ಇತ್ತು. ಅವಳ ತಾಯಿ ಉಳಿಸಿಕೊಂಡು ಬಂದ ತಳಿ ಅದು. ಹೈಬ್ರಿಡ್ ಹಾವಳಿಯಲ್ಲಿ ಊರಿನವರೆಲ್ಲ ಕಳಕೊಂಡ ಮೇಲೆ ಅವಳೊಬ್ಬಳ ಹತ್ತಿರ ಉಳಿದಿತ್ತು. ದಾವೂದಸಾಬನಿಗೂ ಇದು ಗೊತ್ತಿತ್ತು.

“ಕಾಕಾ, ಮಧ್ಯಾಹ್ನ ಜೋರು ಮಳಿ ಐತಿ. ಅರಬ್ಬಿ ಸಮುದ್ರದಾಗ ಎದ್ದೈತಿ, ಪಡುವಲ ಕಡೆಯಿಂದ ಬರತೈತಿ.”

“ಮಳಿ ಐತಿ ಅಂತ ನನಗೂ ಗೊತ್ತೈತ್ರಿ ಅಕ್ಕೋರ. ಮುಚ್ಚತೇನಿ. ಆದ್ರ ಈ ದಿನಮಾನದಾಗ ಮಳಿ ಬರೂದು ಮೂಡಲಿಂದ.”

“ಮೊದಲ ಹಂಗ ಇತ್ತು. ಈ ಕಡಿ ಸಮುದ್ರದಾಗ ಚಂಡಮಾರುತ ಹುಟ್ಟೂದು ಕಡಿಮಿ ಇತ್ತು, ಹುಟ್ಟಿದ್ರೂ ಲಗೂನ ಸಾಯ್ತಿದ್ದವು. ಈಗ ನೀರು ಕಾದೈತಿ. ಹೆಚ್ಚು ಹುಟ್ಟತಾವ, ಬಾಳ ದಿನ ಬದಕತಾವ. ಅವು ಹುಟ್ಟೂ ಜಾಗಾ, ಸಾಯೂ ಜಾಗಾ ಎರಡೂ ಬದಲಾಗಾಕತ್ತಾವ್ರಿ.”

“ಸಮುದ್ರದ ಮನಿಯಾಗ ಬಾಣಂತನ ಮಾಡಿ ಬಂದಂಗ ಹೇಳ್ತೀರಲ್ಲ. ನೋಡೀರೇನು ಅದನ್ನ?”

“ನೀವು ನೋಡೀರೇನು?”

ಪಕ್ಕದಲ್ಲಿ ಕಾಯಿ ಹರವುತ್ತಿದ್ದ ರೈತ ಹೊಳಬಸಪ್ಪ ಕಿಸಕ್ಕನೆ ನಕ್ಕ. ದಾವೂದಸಾಬನ ಕಿವಿಯ ಬುಡ ಬಿಸಿಯಾಯಿತು. ಆ ಕಣದಲ್ಲಿ ಅವನನ್ನು ನೋಡಿ ನಕ್ಕವರಿರಲಿಲ್ಲ.

ಮಹಾನಂದಾ ತನ್ನ ರಾಶಿಗೆ ತಾನೇ ತಾಡಪತ್ರಿ ಹೊದಿಸಿ, ಕಲ್ಲುಗಳನ್ನು ಪಡುವಣ ಅಂಚಿಗೆ ಹೇರಿ, ಶಾಲೆಗೆ ಹೋದಳು. ದಾವೂದಸಾಬ ಉಳಿದ ರಾಶಿಗಳನ್ನು ತನ್ನ ಪದ್ಧತಿಯಂತೆ ಮುಚ್ಚಿಸಿದ. ಮಧ್ಯಾಹ್ನ ಹೊಳಬಸಪ್ಪನೂ ಊಟಕ್ಕೆ ಮನೆಗೆ ನಡೆದ. ಕಣ ಖಾಲಿಯಾದದ್ದೇ ದಾವೂದಸಾಬ ಎದ್ದ. ಒಂದು ರಾಶಿ ಹೀಗೆ ನಿಂತರೆ ನಾಳೆ ಊರೆಲ್ಲ ಅಕ್ಕೋರನ್ನೇ ಕೇಳುತ್ತದೆ. ಅವಳ ಕಲ್ಲುಗಳನ್ನು ಒಂದೊಂದಾಗಿ ಮೂಡಣಕ್ಕೆ ಹೊತ್ತು ಹಾಕಿದ, ಪಡುವಣ ಅಂಚನ್ನು ಗೇಣುದ್ದ ಎತ್ತಿದ. ಸಿಟ್ಟಿಗೆ ಮಾಡಿದ ಕೆಲಸ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಮೂರಕ್ಕೆ ಪಡುವಣದಲ್ಲಿ, ಅಳ್ನಾವರದ ದಿಕ್ಕು ಕಪ್ಪಿಟ್ಟಿತು. ಗಾಳಿ ಎತ್ತಿಟ್ಟ ಅಂಚುಗಳಿಗೇ ನುಗ್ಗಿ ತಾಡಪತ್ರಿಗಳನ್ನು ಕಿತ್ತು ಬಿಸಾಡಿತು. ಅವನು ಒಂದನ್ನು ಹಿಡಿಯಹೋದರೆ ನಾಲ್ಕು ಹಾರಿದವು. ಒಂದು ತಾಸಿನಲ್ಲಿ ಕಾಯಿಯೆಲ್ಲ ಎರೆಕೆಸರಿನಲ್ಲಿ ತೇಲುತ್ತಿತ್ತು.

ಮಳೆ ನಿಂತಾಗ ಊರೇ ಕಣಕ್ಕೆ ಬಂತು.

“ಮೂವತ್ತು ವರ್ಷ ಬಾಯಿ ಮಾಡಿದಿ. ಇವತ್ತ ಎಲ್ಲಿ ಹೋತಲೇ ನಿನ್ನ ಮೂಡಗಾಳಿ?” ಎಂದ ಹೊಳಬಸಪ್ಪ. ಅಷ್ಟಕ್ಕೆ ಬಿಡದೆ ಮಹಾನಂದಾಳ ಕಡೆ ತಿರುಗಿದ. “ಅಕ್ಕೋರ ರಾಶಿನೂ ಹೋತಲ್ಲ. ಪುಸ್ತಕದ ಮಾತು ಹೊಲದಾಗ ನಡಿಯಂಗಿಲ್ರಿ.”

ನಾಲ್ಕು ಜನ ಹೌದೆಂದರು. ಇಂಥ ಮಳೆಗೆ ಯಾರೇನು ಮಾಡಲಿಕ್ಕಾಗುತ್ತದೆ ಎಂದೂ ಒಬ್ಬರು ಗೊಣಗಿದರು. ಮಹಾನಂದಾ ಕೆಸರಲ್ಲಿ ಮೊಣಕಾಲೂರಿ ಬೀಜದ ಕಾಯಿ ಹುಡುಕುತ್ತಿದ್ದಳು. ತಲೆ ಎತ್ತದೆ, “ನಾನ ಕಲ್ಲು ಗಟ್ಟಿ ಹೇರಿರಲಿಲ್ಲ ಕಾಣತೈತಿ” ಎಂದಳು.

ಸುಮ್ಮನಿದ್ದರೆ ದಾವೂದಸಾಬ ಗೆಲ್ಲುತ್ತಿದ್ದ. ಬೈಗುಳ ಎರಡು ದಿನ, ಆಮೇಲೆ ಕಣ ಮತ್ತೆ ಅವನದೇ. ಆದರೆ ಮಾಡದ ತಪ್ಪನ್ನು ಅವಳು ಮೈಮೇಲೆ ಎಳೆದುಕೊಂಡದ್ದು ಅವನಿಗೆ ಸಹಿಸಲಾಗಲಿಲ್ಲ.

“ಅಕ್ಕೋರು ಬರೋಬ್ಬರಿ ಹೇರಿದ್ರು. ಅವರು ಹೋದಮ್ಯಾಲೆ ಕಲ್ಲು ಸರಿಸಿದಾಂವ ನಾನು.”

ಮಹಾನಂದಾ ಕೆಸರುಗೈಯಲ್ಲೇ ಎದ್ದು ನಿಂತಳು.

“ಉಳಿದವರ ರಾಶಿಗೆ ಮಾಡಿದ್ದು ತಪ್ಪು, ಕಾಕಾ. ತಪ್ಪು ಯಾರಿಂದರ ಆಗತೈತಿ. ನಂದು ಸರಿ ಇತ್ತು. ಸರಿ ಇದ್ದದ್ದನ್ನ ಗೊತ್ತಿದ್ದು ಕೆಡಿಸೀರಿ.”

ದಾವೂದಸಾಬ ಕೆಸರಲ್ಲಿ ಕೂತು ಅವಳ ಬುಟ್ಟಿಗೆ ಕಾಯಿ ಆರಿಸತೊಡಗಿದ. ಅವಳು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

“ಬಿಡ್ರಿ. ನಾನ ಆರಿಸ್ಕೋತೇನಿ.”

ಕತ್ತಲಾಗುವವರೆಗೂ ಹುಡುಕಿದರೂ ಬೀಜಕ್ಕಾಗುವಂಥ ಕಾಯಿ ಅವಳಿಗೆ ಒಂದು ಹಿಡಿಯೂ ಸಿಗಲಿಲ್ಲ.