ಬೇರೆ ದೇಶದ ಬಡಿಗೇರರು

ಚೌಕಳಿ ಚೌಕಳಿಯ ಉಣ್ಣೆ ಲಂಗ, ಅದರ ಕೆಳಗೆ ಟೆಕ್ಸಸ್ಸಿನ ಬಿಸಿಲಿಗೆ ಸುಟ್ಟು ಟೊಮೆಟೊ ಬಣ್ಣಕ್ಕೆ ತಿರುಗಿದ ಎರಡು ಮೊಣಕಾಲು. ಡಲ್ಲಾಸ್ ಹತ್ತಿರದ ಯೂಲೆಸ್ಸಿನ ನಮ್ಮ ಪಕ್ಕದ ಮನೆಯ ಅಂಕಲ್ ಎಂದರೆ ನನಗೆ ಮೊದಲು ನೆನಪಾಗುವುದು ಅದು. ಆ ಲಂಗಕ್ಕೆ ಕಿಲ್ಟ್ ಎನ್ನುತ್ತಾರೆ. ಇನ್ಶೂರೆನ್ಸ್ ಕೆಲಸದಿಂದ ನಿವೃತ್ತರಾದ ಅವರು ಸ್ಕಾಟ್ಲೆಂಡ್ ಮೂಲದವರ ಕೂಟಗಳಿಗೆಲ್ಲ ಅದನ್ನುಟ್ಟೇ ಹೊರಡುತ್ತಿದ್ದರು. ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ಬೀದಿಯ ಮೇಲೆಯೇ ಹಾದುಹೋಗುತ್ತವೆ. ಮಾತಿನ ನಡುವೆ ವಿಮಾನ ಬಂದರೆ ಅವರು ಬಾಯಿ ತೆರೆದೇ ಕಾದು, ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ನನ್ನ ಹೆಂಡತಿ ಕೊಟ್ಟ ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುತ್ತಿದ್ದರು.

ನಮ್ಮ ಅಡ್ಡಹೆಸರು ಬಡಿಗೇರ. ಧಾರವಾಡದಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಮಗಳ ಶಾಲೆಯಲ್ಲಿ ಅದು 'ಬ್ಯಾಜರ್' ಆಯಿತು, ನೆಲ ಕೆದರುವ ಒಂದು ಪ್ರಾಣಿಯ ಹೆಸರು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಹಾಜರಿಗೆ ಹೆಸರು ಕರೆಯುವಾಗ ಅವಳು ತಲೆ ತಗ್ಗಿಸುತ್ತಿದ್ದಳಂತೆ. ನಾನು ಆಗ ಪೌರತ್ವಕ್ಕೆ ಅರ್ಜಿ ಹಾಕುವವನಿದ್ದೆ. ಜೊತೆಗೇ ಹೆಸರು ಬದಲಿಸಿಕೊಳ್ಳುವ ಅವಕಾಶವಿತ್ತು.

"ಅಪ್ಪಾ, ಕ್ಯಾನ್ ವೀ ಬಿ ಬ್ರಾಡಿ?" ಎಂದಳು ಮಗಳು. ಬ್ರಾಡಿ ಇಲ್ಲಿನವರಿಗೆ ಗೊತ್ತಿರುವ ಅಡ್ಡಹೆಸರು, ಬಡಿಗೇರಕ್ಕೆ ಹತ್ತಿರ ಕೇಳಿಸುತ್ತದೆ.

ನನಗೂ ಒಪ್ಪಿಗೆಯಾಗಿತ್ತು. ಫೋನಿನಲ್ಲಿ ಹೆಸರು ಹೇಳಿ ಹೇಳಿ ನಾನೂ ಸೋತಿದ್ದೆ.

ಒಂದು ಶನಿವಾರ ಅಂಕಲ್ ಕೂಟ ಮುಗಿಸಿ ಕಿಲ್ಟಿನಲ್ಲೇ ನಮ್ಮ ಮನೆಗೆ ಬಂದರು. ಮಗಳು ಅವರ ಹೆಸರಿನ ಅರ್ಥ ಕೇಳಿದಳು. ಅವರ ಮನೆತನದ ಹೆಸರು ಮ್ಯಾಕ್‌ಇಂಟೈರ್.

"ಮ್ಯಾಕ್ ಅಂದರೆ ಮಗ. ಉಳಿದದ್ದು ಬಡಗಿ. ಬಡಗಿಯ ಮಗ" ಎಂದರು.

ನನ್ನ ಹೆಂಡತಿ ನಕ್ಕುಬಿಟ್ಟಳು. "ಅಯ್ಯ, ಹಂಗಾರ ಇವರೂ ನಮ್ಮ ಮಂದಿನ ಅಲ್ರಿ."

ನಮ್ಮ ಹೆಸರಿನ ಅರ್ಥವೂ ಅದೇ ಎಂದು ಹೇಳಿದಾಗ ಅವರು ಎದ್ದು ನನ್ನ ಕೈ ಕುಲುಕಿದರು. ಆಮೇಲೆ ತಮ್ಮ ಮೂಲಪುರುಷನ ಕಥೆ ತೆಗೆದರು. ದೋಣಿಗೆ ತೂತು ಬಿದ್ದಾಗ ಅವನು ಹೆಬ್ಬೆರಳು ತುರುಕಿ ನೀರು ನಿಲ್ಲಿಸಿದ. ಹುಟ್ಟು ಹಾಕಲು ಕೈ ಬೇಕಾಯಿತು. ಆ ಬೆರಳನ್ನೇ ಕಡಿದು, ತೂತಿನಲ್ಲಿ ಬಿಟ್ಟು, ದೋಣಿ ದಡ ಸೇರಿಸಿದನಂತೆ. "ನಿಜವೋ ಸುಳ್ಳೋ. ನಾನಂತೂ ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೇ ಹೊಡೆದುಕೊಳ್ಳುತ್ತೇನೆ."

ಬ್ರಾಡಿಯ ವಿಷಯ ಮಗಳೇ ಹೇಳಿದಳು. ಅವರು ಕುರ್ಚಿಯನ್ನು ಅವಳತ್ತ ಎಳೆದುಕೊಂಡರು.

"ನನ್ನ ಅಜ್ಜ ರೈಟ್ ಎಂದು ಬದಲಿಸಿಕೊಂಡಿದ್ದ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥವೂ ಹೆಚ್ಚುಕಡಿಮೆ ಬಡಗಿಯೇ, ಬರೆಯುವುದು ಸುಲಭ. ನಾನೂ ರೈಟ್ ಎಂದೇ ಬೆಳೆದೆ. ಅಪ್ಪ ಹೋದಾಗ ಅವನ ಕಡೆಯವರಿಗೆ ತಿಳಿಸೋಣವೆಂದರೆ, ಫೋನ್ ಪುಸ್ತಕದಲ್ಲಿ ಎಷ್ಟೊಂದು ರೈಟ್‌ಗಳು. ನಮ್ಮವರು ಯಾರೆಂದೇ ಗೊತ್ತಾಗಲಿಲ್ಲ. ಮಣ್ಣು ಮಾಡುವಾಗ ನಾನೂ ಅಮ್ಮನೂ ಇಬ್ಬರೇ."

ಆಮೇಲೆ ಅವರು ಕೋರ್ಟಿಗೆ ಅಲೆದು ಹಳೆಯ ಹೆಸರನ್ನು ಮರಳಿ ಪಡೆದರು. ಅಜ್ಜನ ತಮ್ಮ ಹೆಸರು ಬದಲಿಸಿರಲಿಲ್ಲ; ಆ ಹೆಸರು ಹಿಡಿದೇ ಅವನ ಮೊಮ್ಮಗಳೊಬ್ಬಳು ಹ್ಯೂಸ್ಟನ್ನಿನಿಂದ ಅವರನ್ನು ಹುಡುಕಿಕೊಂಡು ಬಂದಳು.

"ಹಾಗಾದ್ರೆ ನಾನು ಬದಲಿಸಬಾರದಾ?" ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ನಿನ್ನ ಹೆಸರು, ನಿನ್ನಿಷ್ಟ. ಬದಲಿಸಿದರೂ ನಿನ್ನನ್ನು ರೊಟ್ಟಿ ಕೇಳುತ್ತೇನೆ" ಎಂದರು.

ಮುಂದಿನ ಕೂಟ ಆಸ್ಟಿನ್ ದಾರಿಯ ಒಂದು ಮೈದಾನದಲ್ಲಿತ್ತು. ನಮ್ಮನ್ನೂ ಕರೆದುಕೊಂಡು ಹೋದರು. ಮನೆತನಕ್ಕೊಂದು ಡೇರೆ. ಸಂಜೆ ಮೆರವಣಿಗೆಯಲ್ಲಿ ಒಂದೊಂದು ಮನೆತನದವರೂ ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಅಂಕಲ್ ಮಗಳನ್ನು ತಮ್ಮ ಸಾಲಿಗೆ ಎಳೆದುಕೊಂಡರು. ಮುಂದಿದ್ದ ಮುದುಕ ತಿರುಗಿ, "ನೀನು ಯಾರ ಕಡೆಯವಳು?" ಎಂದು ಕೇಳಿದ. ಅವಳು ನನ್ನನ್ನು ನೋಡಿದಳು, ಅಂಕಲ್‌ರನ್ನು ನೋಡಿದಳು. "ಬಡಿಗೇರ" ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು, ಮೈದಾನದ ಅಂಚಿನಲ್ಲಿದ್ದ ನಮಗೂ ಕೇಳುವಷ್ಟು ಜೋರಾಗಿ. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಧೂಳ್ರಿ" ಎಂದಳು.

ಅರ್ಜಿಯಲ್ಲಿ ನಾನು ಹೆಸರು ಬದಲಿಸಲಿಲ್ಲ.

ಹೋದ ಚಳಿಗಾಲದಲ್ಲಿ ಅಂಕಲ್ ನಿದ್ದೆಯಲ್ಲೇ ತೀರಿಕೊಂಡರು. ಸ್ಮಶಾನದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದಷ್ಟು ಮಂದಿ. ಡಲ್ಲಾಸಿನವರು, ಹ್ಯೂಸ್ಟನ್ನಿನವರು, ಈಗ ಆಸ್ಟಿನ್ನಿನ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗಳು. ಅಂಕಲ್‌ರನ್ನು ಹುಡುಕಿಕೊಂಡು ಬಂದಿದ್ದ ಹ್ಯೂಸ್ಟನ್ನಿನ ಆ ತಂಗಿ, ಈಗ ಮುದುಕಿ, ಮನೆಯವರ ಸಾಲಿನಲ್ಲಿ ಕೂತಿದ್ದರು. ಹಿಂದೆ ನಿಂತಿದ್ದ ನಮ್ಮನ್ನು ಕಂಡು, ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇಲ್ಲಿ ಬನ್ನಿ, ಜಾಗ ಇದೆ" ಎಂದರು.