ಬಣವಿಗೆ ಹೊದಿಸಿದ ಕಂಬಳಿ

ಮಾರ್ಚ್ 11, ಮಧ್ಯಾಹ್ನ 2 ಗಂಟೆ 10 ನಿಮಿಷ. ಶಿರವಾಳದ ಬಳಿಯ ನಮ್ಮೂರಿನಲ್ಲಿ, ಪಕ್ಕದ ಮನೆಯ ನಿಂಗಮ್ಮ ದೊಡ್ಡವ್ವನ ಮೇವಿನ ಬಣವಿಗೆ ಬೆಂಕಿ ಬಿತ್ತು. ಮಳೆಗಾಲದವರೆಗೆ ಅವರ ಎರಡು ಎಮ್ಮೆಗಳಿಗೆ ಇದ್ದದ್ದು ಅದೊಂದೇ ಮೇವು.

ಕಾಲುವೆಯಿಂದ ಬಣವಿಯವರೆಗೆ ಸಾಲಾಗಿ ನಿಂತು ನಾವು ಕೊಡ ದಾಟಿಸಿದೆವು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಮೂವತ್ತೆಂಟು ಕೊಡ ಸುರಿದರೂ ಗಾಳಿಗೆ ಉರಿ ಏರುತ್ತಲೇ ಇತ್ತು.

ಆಗ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಪರವೂರಿನ ಅಜ್ಜ ಓಡಿ ಬಂದವರೇ ಹೆಗಲ ಕಂಬಳಿಯನ್ನು ಕಾಲುವೆಯಲ್ಲಿ ಅದ್ದಿದರು.

“ಬರೇ ನೀರ ಸುರುವಿದ್ರ ಗಾಳಿ ಕೇಳ್ತದೇನ್ರಿ? ಕಂಬಳಿ ತೋಯ್ಸಿ ಹೊಚ್ಚರಿ! ಏ ಯವ್ವಾ, ಎಣಸೂದು ಆಮ್ಯಾಲ, ಮೊದಲ ಈ ತುದಿ ಹಿಡಿ!”

ನಮ್ಮ ಮನೆಗಳಿಂದ ಇನ್ನೂ ಆರು ಕಂಬಳಿ ಬಂದವು. ಅರ್ಧ ಬಣವಿ ಉಳಿಯಿತು. ಆದರೆ ಅಜ್ಜನ ಕಂಬಳಿ ಸುಟ್ಟು ತೂತುತೂತಾಗಿತ್ತು. ದೊಡ್ಡವ್ವ ತಮ್ಮದನ್ನು ಕೊಡಲು ಹೋದರೆ ಅವರು ನಕ್ಕರು: “ಎಮ್ಮಿಗೆ ಮೇವು ಉಳೀತಲ್ಲವ್ವಾ. ಚಳಿ ಹ್ಯಾಂಗೂ ಮುಗದದ.” ಕುರಿ ಹೊಡೆದುಕೊಂಡು ಹೋಗಿಯೇಬಿಟ್ಟರು.

ಅಂದಿನಿಂದ ನಾವು ಒಂಬತ್ತು ಮಂದಿ ಬೆಂಕಿ ಆರಿಸುವ ತಂಡ ಕಟ್ಟಿಕೊಂಡು, ಈವರೆಗೆ ನಾಲ್ಕು ಕಡೆ ಓಡಿದ್ದೇವೆ. ಅಜ್ಜನಿಗೆಂದು ಒಂದು ಕಂಬಳಿ ನೇಯಿಸಿಟ್ಟಿದ್ದೇವೆ, ಅವರ ಹೆಸರು, ಊರು ಮಾತ್ರ ಗೊತ್ತಿಲ್ಲ. ಚಳಿ ಶುರುವಾಗುವ ಮೊದಲು ಅದು ಅವರ ಹೆಗಲೇರಬೇಕು. ಬಲ್ಲವರು ದಯವಿಟ್ಟು ಬರೆಯಿರಿ.