ಹೆಸರಿಲ್ಲದ ಸಂಚಿಕೆ

ನಮ್ಮ ಕವಿತಾ ಪತ್ರಿಕೆಗೆ ಕಚೇರಿ ಅಂತ ಒಂದಿಲ್ಲ. ಒಳಪುಟದಲ್ಲಿ ಅಚ್ಚಾಗುವ ವಿಳಾಸ ಸಿಂಧನೂರಿನ ನನ್ನ ಔಷಧಿ ಅಂಗಡಿಯದು. ಮೂರು ತಿಂಗಳಿಗೊಮ್ಮೆ ಬರುವ ಈ ಪತ್ರಿಕೆಯನ್ನು ನಡೆಸುವವರು ಇಬ್ಬರೇ: ನಾನು ಮತ್ತು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನ ಗೆಳತಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಆಕೆ ನನ್ನೊಡನೆ ಜಗಳಕ್ಕಿಳಿದರೆ ಮಾತ್ರ ಅಚ್ಚ ಕನ್ನಡ.

ಹೋದ ವರ್ಷ ಭತ್ತದ ನಾಟಿ ಮುಗಿದ ಹೊತ್ತಿಗೆ ಕಾಲುವೆ ಬದಿಯ ಹಳ್ಳಿಯ ತರುಣಿಯೊಬ್ಬಳು ಒಂದು ಕವಿತೆ ಕಳಿಸಿದಳು. ಅವಳ ಗೆಳತಿ ಕಾಲುವೆಗೆ ನೀರು ಬಿಡುವ ಗೇಟಿನ ಹತ್ತಿರ ಕಾಲು ಜಾರಿ ನೀರಿಗೆ ಬಿದ್ದಳೆಂದು ಊರು ಹೇಳುತ್ತಿತ್ತು. "ನನಗೆ ಈಜು ಕಲಿಸಿದವಳು ಮುಳುಗಿದ್ದು ಹೇಗೆ?" ಎಂದು ಕವಿತೆ ಕೇಳುತ್ತಿತ್ತು. ಹೆಸರು ಹಾಕಬೇಡಿ ಎಂದಿದ್ದಳು. ಹಾಕಲಿಲ್ಲ.

ಸಂಚಿಕೆ ಹೊರಬಂದ ಕೆಲವೇ ದಿನಕ್ಕೆ ಇಬ್ಬರು ಗಂಡಸರು ಅಂಗಡಿಗೆ ಬಂದರು. ಹಿರಿಯವನ ಕೈಯಲ್ಲಿ ನಮ್ಮ ಪತ್ರಿಕೆ.

"ಕಾಲುವಿ ಕವಿತಾ ಭಾಳ ಚಲೋ ಐತ್ರಿ, ಸರ. ಬರದೋರಿಗೆ ಸನ್ಮಾನ ಮಾಡಬೇಕಂತೀವಿ. ಯಾವೂರವ್ರು?"

ನನಗೆ ಹಿಗ್ಗೇ ಆಯಿತು. ಕವಿಯನ್ನು ಹುಡುಕಿಕೊಂಡು ಬಂದ ಓದುಗರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಕಿರಿಯವನು ಹೊರಗೆ ನಿಂತು ಅಂಗಡಿಯ ಬೋರ್ಡಿನ ಫೋಟೊ ತೆಗೆಯುತ್ತಿದ್ದ. ಹಿರಿಯವನು ದನಿ ತಗ್ಗಿಸಿದ. "ಅವತ್ತು ಗೇಟಿನ ಹತ್ರ ಮತ್ಯಾರಿದ್ರು ಅಂತ ಅವರು ಏನರ ಹೇಳ್ಯಾರೇನ್ರಿ?"

"ಹೆಸರು ಹೇಳೋ ಪದ್ಧತಿ ಇಲ್ರಿ ನಮ್ಮಲ್ಲಿ" ಎಂದೆ.

"ಪದ್ಧತಿ ಬದಲಾಗ್ತಾವ್ರಿ" ಎಂದು ನಕ್ಕು ಹೋದ.

ಮರುದಿನ ಲಿಂಗಸುಗೂರಿನಿಂದ ಗೆಳತಿಯ ಫೋನು. ಶಾಲೆ ಬಿಡುವ ಹೊತ್ತಿಗೆ ಅವರಿಬ್ಬರೂ ಅಲ್ಲಿಗೂ ಹೋಗಿದ್ದರು. "ನನ್ನ ನೋಡ್ಕೋತ ನಿಂತಿದ್ರು. ಒಂದು ಮಾತೂ ಆಡ್ಲಿಲ್ಲ. ನನಗ ಅದೇ ಅಂಜಿಕಿ."

ಉಪಾಯ ಹೊಳೆದದ್ದೂ ಆಕೆಗೇ. "ಒಬ್ಬಾಕಿ ಹೆಸರಿಲ್ದಿದ್ರ ಆಕಿನ್ನ ಹುಡುಕ್ತಾರ. ಯಾರ ಹೆಸರೂ ಇಲ್ದಿದ್ರ?"

ಮುಂದಿನ ಸಂಚಿಕೆಯಲ್ಲಿ ಯಾವ ಕವಿತೆಗೂ ಹೆಸರು ಹಾಕಲಿಲ್ಲ. ಕಾರಣ ಕೇಳದೆ ಎಲ್ಲರೂ ಒಪ್ಪಿದರು. ಮಸ್ಕಿಯ ಹಿರಿಯ ಕವಿಯೊಬ್ಬರು ಮಾತ್ರ, "ಹೆಸರಿಲ್ಲಂದ್ರ ಅದು ನಂದು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?" ಎಂದು ಸಿಟ್ಟಾಗಿ ಕವಿತೆ ವಾಪಸು ತೆಗೆದುಕೊಂಡರು. ಆ ತರುಣಿಯ ಎರಡನೇ ಕವಿತೆ ಉಳಿದವುಗಳ ನಡುವೆ ಸೇರಿಕೊಂಡಿತು.

ಸನ್ಮಾನದ ಮಾತಾಡಿದ್ದ ಆ ಹಿರಿಯವನು ಅಂಗಡಿಗೆ ಮತ್ತೆ ಬಂದ. ನಿಂತಲ್ಲೇ ಹಾಳೆ ತಿರುವಿದ.

"ಇದರಾಗ ಆಕಿದು ಯಾವ್ದು?"

ಬರೆದವರು ಹೆಣ್ಣೆಂದು ನಾವು ಎಲ್ಲಿಯೂ ಹೇಳಿರಲಿಲ್ಲ.

ಅವನು ಹೋದ ಕೂಡಲೇ ಆ ತರುಣಿಗೆ ಫೋನು ಮಾಡಿದೆ. ಅವಳು ಆಗಲೇ ಹಟ್ಟಿಯ ಅಕ್ಕನ ಮನೆ ಸೇರಿದ್ದಳು. ಭಾವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದುದರಿಂದ ಅಕ್ಕನಿಗೆ ಕಂಪನಿಯ ಮನೆ ಇತ್ತು. "ದಿನಾ ಮನಿ ಮುಂದ ಗಾಡಿ ನಿಲ್ಸಾಕತ್ತಿದ್ರು ರೀ. ಅವ್ವನೇ ನನ್ನ ಬಸ್ ಹತ್ತಿಸ್ಯಾಳ."

"ಪೊಲೀಸರಿಗೆ ಹೇಳೋಣೇನವಾ?"

"ಹೋಗಿದ್ದೆ. ಸಾಕ್ಷಿ ಐತೇನು ಅಂದ್ರು." ಮತ್ತೆ ಅವಳೇ ಅಂದಳು: "ಅವರಿಗೆ ಗೊತ್ತಾಗೇತಿ ಅಂದಮ್ಯಾಲ ಮುಚ್ಚಿಡೋದ್ಯಾಕ? ಎರಡೂ ಕವಿತಾ ನನ್ನ ಹೆಸರಿನ್ಯಾಗ ಹಾಕ್ರಿ. ನಾಳೆ ನನಗೇನರ ಆದ್ರ, ಈಕಿನೂ ಜಾರಿ ಬಿದ್ದಾಳ ಅನ್ನಾಕ ಬರಬಾರದು."

ಬೇಡವೆಂದು ನಾನು ವಾದಿಸಿದೆ. ಯಾವಾಗಲೂ ಜಗಳಾಡುವ ಗೆಳತಿ ಅಂದು ನನ್ನ ಜೊತೆ ಜಗಳಾಡಲಿಲ್ಲ. "ಕವಿತಾ ಆಕಿದು, ಜೀವಾನೂ ಆಕಿದು" ಎಂದಳು, ಅಷ್ಟೇ.

ಮೊದಲ ಪುಟದಲ್ಲೇ ಅವಳ ಹೆಸರಿರುವ ಸಂಚಿಕೆ ಈಗ ಹೊರಬಂದಿದೆ. ಆ ಇಬ್ಬರು ಈ ಕಡೆ ಸುಳಿದಿಲ್ಲ. ಆದರೆ ಅವಳ ಹಳ್ಳಿಯ ಚಂದಾದಾರರಿಗೆ ಕಳಿಸಿದ ಪ್ರತಿಗಳೆಲ್ಲ ಬಿಚ್ಚದೆ ಅಂಚೆಯಲ್ಲಿ ವಾಪಸು ಬಂದವು. ಅವರಲ್ಲಿ ಒಬ್ಬರಿಗೆ ಫೋನು ಮಾಡಿದೆ. ಎಷ್ಟೋ ವರ್ಷದಿಂದ ಪ್ರತಿ ಸಂಚಿಕೆಯನ್ನೂ ಓದಿ ಮಾತಾಡುತ್ತಿದ್ದವರು ಅವರು.

"ಇನ್ನಮ್ಯಾಲ ಕಳಿಸಬ್ಯಾಡ್ರಿ" ಎಂದರು. ಅವರ ಹಿಂದೆ ಇನ್ನಾರೋ ಏನೋ ಹೇಳಿದಂತೆ ಕೇಳಿಸಿತು. ಫೋನು ಕಟ್ಟಾಯಿತು.